ಮೂವತ್ತೇಳನೆಯ ಬಾವಿ

ಫೆಬ್ರವರಿ 9, 2025, ಆದಿತ್ಯವಾರ

ಹುಡುಗಿ ಬಂದಳು. ಮಣಿಪಾಲದ ಸಂಸ್ಥೆಯ ಶ್ರವಣ್ ಮಧ್ಯಾಹ್ನ ಕಾರಿನಲ್ಲಿ ತಂದು ಬಿಟ್ಟು, ಊಟಕ್ಕೂ ನಿಲ್ಲದೆ ಹೋದ. ಹತ್ತು ವಾರ ಅವಳು ನಮ್ಮ ಮಹಡಿಯ ಕೋಣೆಯಲ್ಲಿರುತ್ತಾಳೆ. ಹೆಸರು ಸಿಂಥಿಯಾ, ವಯಸ್ಸು ಇಪ್ಪತ್ತಮೂರು, ಸಾರ್ವಜನಿಕ ಆರೋಗ್ಯದ ವಿದ್ಯಾರ್ಥಿನಿ. ವಿದೇಶದಿಂದ ಇಂಟರ್ನ್ ಬರುತ್ತಾಳೆ ಎಂದಾಗ ನಾನು ಜರ್ಮನಿಯೋ ಹಾಲೆಂಡೋ ಎಂದುಕೊಂಡಿದ್ದೆ. ಇವಳು ಕೀನ್ಯಾದವಳು. ದೊಡ್ಡ ಸರೋವರದ ದಡದಲ್ಲಿರುವ ಕಿಸುಮು ಎಂಬ ಊರಂತೆ. ಊಹೆ ತಪ್ಪಿದ್ದಕ್ಕೆ ನನ್ನ ಮೇಲೆಯೇ ಸಿಟ್ಟು ಬಂತು. ಅದನ್ನು ಶ್ರವಣನ ಮೇಲೆ ತೀರಿಸಿ, ಮೊದಲೇ ಯಾಕೆ ಹೇಳಲಿಲ್ಲ ಎಂದು ಗದರಿದೆ. "ಹೇಳಿದ್ದರೆ ಎಂತ ವ್ಯತ್ಯಾಸ ಆಗ್ತಿತ್ತು ಸರ್?" ಎಂದ.

ಅವಳ ಕೆಲಸ, ಇನ್ನಂಜೆಯಿಂದ ಕಾಪುವಿನ ತನಕ ಅರವತ್ತು ಬಾವಿಗಳ ನೀರು ಪರೀಕ್ಷಿಸುವುದು, ಫಲಿತಾಂಶವನ್ನು ಮನೆಯವರಿಗೆ ತಿಳಿಸುವುದು, ಬಾವಿಕಟ್ಟೆಯ ಮೇಲೆ ಹಸಿರು ಅಥವಾ ಕೆಂಪು ಬಣ್ಣದ ಗುರುತು ಹಾಕುವುದು. ನಾನು ದುಭಾಷಿ. ಉಡುಪಿಯ ಕೋರ್ಟಿನಲ್ಲಿ ಮೂವತ್ತೊಂದು ವರ್ಷ ಭಾಷಾಂತರಕಾರನಾಗಿದ್ದವನಿಗೆ ಇದು ದೊಡ್ಡ ಕೆಲಸವಲ್ಲ.

ಈ ಊರಿಗೆ ಒಳ್ಳೆಯದು ಮಾಡಲು ಬಂದವರನ್ನು ನಾನು ಮರೆತಿಲ್ಲ. 1996ರಲ್ಲಿ ವಿದೇಶದ ದಂಪತಿ ಹೊಗೆಯಿಲ್ಲದ ಒಲೆ ತಂದರು. ಅದರಲ್ಲಿ ಈಗಲೂ ಪಕ್ಕದ ಮನೆಯ ಕೋಳಿ ಮೊಟ್ಟೆ ಇಡುತ್ತದೆ. 2008ರಲ್ಲಿ ನಾಲ್ವರು ಬಂದು ಶಾಲೆಯ ಗೋಡೆಗೆ ಮಕ್ಕಳ ಅಂಗೈ ಒತ್ತಿಸಿದರು. ಮುಂದಿನ ಮಳೆಗೆ ಗೋಡೆ ಅಂಗೈಗಳ ಸಮೇತ ಬಿತ್ತು. ಎಲ್ಲರೂ ಹೋಗುವಾಗ ಅತ್ತಿದ್ದಾರೆ, ಯಾರೂ ತಿರುಗಿ ಬಂದಿಲ್ಲ. ಊಟದ ಹೊತ್ತಿಗೆ ಇದನ್ನೆಲ್ಲ ಹುಡುಗಿಗೆ ವಿವರವಾಗಿ ಹೇಳಿದೆ. ಅವಳು ಕೇಳಿಸಿಕೊಂಡಳು. ಅವಳ ಅರ್ಜಿಯಲ್ಲಿ 'ಒಳ್ಳೆಯ ಪರಿಣಾಮ ಉಂಟುಮಾಡುವ ಆಸೆ' ಎಂದು ಬರೆದಿದ್ದಳಂತೆ.

ಸ್ವರ್ಣಲತಾ ಪಾತ್ರೆ ಎತ್ತುತ್ತಾ, "ನೀವು ಮೂವತ್ತೆಂಟು ವರ್ಷದಿಂದ ಪೇಪರಿಗೆ ಪತ್ರ ಬರೀತಾ ಇದ್ದೀರಲ್ಲ ಮಾರಾಯ್ರೇ, ಯಾವ ಚರಂಡಿ ರಿಪೇರಿ ಆಯ್ತು? ಅವಳು ಕಡೇಪಕ್ಷ ವಿಮಾನ ಹತ್ತಿ ಬಂದಿದ್ದಾಳೆ" ಎಂದಳು. ಪುಣ್ಯಕ್ಕೆ ಆ ಮಾತು ಹುಡುಗಿಗೆ ಅರ್ಥವಾಗಲಿಲ್ಲ.

ಫೆಬ್ರವರಿ 12, ಬುಧವಾರ

ಆರು ಮನೆ ಮುಗಿಯಿತು. ವಿಧಾನ ಸರಳ. ಒಂದು ಪುಟ್ಟ ಬಾಟಲಿಯಲ್ಲಿ ಬಾವಿಯ ನೀರು ತುಂಬಿ ಬೆಚ್ಚಗಿನ ಜಾಗದಲ್ಲಿ ಎರಡು ದಿನ ಇಡಬೇಕು. ಬಣ್ಣ ಬದಲಾಗದಿದ್ದರೆ ಒಳ್ಳೆಯದು. ಕಪ್ಪಾದರೆ ನೀರಿಗೆ ಮಲ ಸೇರಿದೆ ಎಂದರ್ಥ. ಬಣ್ಣದಲ್ಲಿ ಅನುಮಾನ ಬಂದರೆ ಮಾತ್ರ ಮಣಿಪಾಲದ ಪ್ರಯೋಗಾಲಯದಲ್ಲಿ ಮತ್ತೊಮ್ಮೆ ಖಚಿತ ಮಾಡುತ್ತಾರೆ.

ತೊಂದರೆ ಆದದ್ದು ಬೆಲ್ಲ ನೀರಿನಿಂದ. ಮನೆಗೆ ಬಂದವರಿಗೆ ಮೊದಲು ಒಂದು ಲೋಟ ನೀರು, ಒಂದು ತುಂಡು ಬೆಲ್ಲ ಕೊಟ್ಟ ಮೇಲೆಯೇ ನಮ್ಮಲ್ಲಿ ಮಾತು ಶುರು. ಸಿಂಥಿಯಾಳ ವಿಶ್ವವಿದ್ಯಾಲಯದವರು ಸೀಲು ಒಡೆಯದ ಬಾಟಲಿ ನೀರು ಬಿಟ್ಟು ಬೇರೆ ಕುಡಿಯಬಾರದೆಂದು ಸಹಿ ಹಾಕಿಸಿಕೊಂಡಿದ್ದಾರಂತೆ. ಅವಳು ಎರಡೂ ಕೈ ಜೋಡಿಸಿ ಬೇಡ ಎಂದಳು. ಮನೆಯವರ ಮುಖ ಬಾಡಿತು. ಅವಳ ಪಾಲಿನದನ್ನೂ ನಾನೇ ಕುಡಿದೆ. ಆರು ಮನೆಯಲ್ಲಿ ಹನ್ನೆರಡು ಲೋಟ! ದಾರಿಯಲ್ಲಿ ಎರಡು ಸಲ ಗದ್ದೆಯ ಅಂಚಿಗೆ ಹೋಗಬೇಕಾಯಿತು.

ಐದನೆಯ ಮನೆಯ ಮುದುಕಿ ಮಾತ್ರ ಬಿಡಲಿಲ್ಲ. "ಉಮಾನಾಥಣ್ಣ, ನಮ್ಮ ಬಾವಿ ಇವಳ ಪರೀಕ್ಷೆಗೆ ಆಗ್ತದೆ, ಬಾಯಿಗೆ ಆಗುವುದಿಲ್ಲವಾ?" ಎಂದು ಕೇಳಿದಳು.

ಏನು ಹೇಳಿದರು ಎಂದು ಸಿಂಥಿಯಾ ಕೇಳಿದಳು. "ಬಂದದ್ದು ಸಂತೋಷ ಎನ್ನುತ್ತಿದ್ದಾರೆ" ಎಂದೆ. ಕೋರ್ಟಿನಲ್ಲಿ ಒಂದು ಬೈಗುಳವನ್ನೂ ನುಂಗಿಕೊಂಡವನಲ್ಲ ನಾನು. ನ್ಯಾಯಾಧೀಶರು ಮುಖ ಸಿಂಡರಿಸಿದರೂ ಸಾಕ್ಷಿ ಹೇಳಿದ್ದನ್ನು ಹೇಳಿದ ಹಾಗೆಯೇ ಒಪ್ಪಿಸುತ್ತಿದ್ದೆ. ಆದರೆ ಇದು ಕೋರ್ಟಲ್ಲ, ಊರು. ಇಲ್ಲಿ ದುಭಾಷಿಗೆ ಸ್ವಲ್ಪ ವಿವೇಚನೆ ಬೇಕು.

ಫೆಬ್ರವರಿ 21, ಶುಕ್ರವಾರ

ಬೆಳಿಗ್ಗೆ ರಾಚವ್ವ ನೀರಿಗೆ ಬಂದಾಗ ಸಿಂಥಿಯಾ ಬಾವಿಯ ಹತ್ತಿರವೇ ಇದ್ದಳು. ರಾಚವ್ವನ ಮನೆಯವರು ಗಜೇಂದ್ರಗಡದ ಕಡೆಯವರು. ನಮ್ಮ ಹಿತ್ತಿಲಿನಾಚೆ ಐದು ವರ್ಷದಿಂದ ಕಟ್ಟುತ್ತಲೇ ಇರುವ ಸಭಾಭವನದ ಪಕ್ಕ ತಗಡಿನ ಶೆಡ್ಡಿನಲ್ಲಿದ್ದಾರೆ. ಗಂಡ ಈಶಪ್ಪ, ಮಗ ಕರಿಬಸವ, ಸೊಸೆ ಸವಿತಾ. ಸವಿತಾಳಿಗೆ ಈಗ ಐದು ತಿಂಗಳು. ಅಕ್ಕಪಕ್ಕದ ಮೂರು ಶೆಡ್ಡಿನವರೂ ಸೇರಿ ಹದಿನಾಲ್ಕು ಜನ ನಮ್ಮ ಬಾವಿಯ ನೀರೇ ಕುಡಿಯುತ್ತಾರೆ. ಊರಿನಲ್ಲಿ ಯಾರೂ ಬಾವಿ ಮುಟ್ಟಗೊಡದಿದ್ದಾಗ ನಾನು ಗೇಟು ತೆರೆದವನು. ಇದರ ಬಗ್ಗೆ ಪತ್ರಿಕೆಗೂ ಬರೆದಿದ್ದೆ, ಬಾವಿ ಯಾರದೆಂದು ಹೇಳದೆ.

ರಾಚವ್ವ ಹುಡುಗಿಯನ್ನು ನೋಡಿ, "ಯಾವೂರ್ರೀ ಈಕಿದು?" ಎಂದಳು. ಆಫ್ರಿಕಾ ಎಂದೆ. "ದೂರ ಐತೇನ್ರಿ?" "ಸಮುದ್ರದಾಚೆ." "ನಾವು ಬರೇ ಗಜೇಂದ್ರಗಡದಿಂದ ಬಂದೀವ್ರಿ. ನಮ್ಮನ್ನೂ ಬಸ್ಸಿನ್ಯಾಗ ಹಿಂಗ ಹೊಳ್ಳಿ ಹೊಳ್ಳಿ ನೋಡ್ತಾರ" ಎಂದು ನಕ್ಕಳು. ಇದನ್ನು ಪೂರ್ತಿ ಭಾಷಾಂತರಿಸಿದೆ. ಸಿಂಥಿಯಾ ಮೊದಲ ಸಲ ಬಾಯಿ ತುಂಬ ನಕ್ಕಳು. ಆಮೇಲೆ ಹಗ್ಗ ತೆಗೆದುಕೊಂಡು ತಾನೇ ಎರಡು ಕೊಡ ಸೇದಿದಳು, ಒಂದು ಹನಿ ಚೆಲ್ಲದೆ.

ಸಂಜೆ ಅವಳು ಹೇಳಿದ್ದು: ಅವಳ ಅಜ್ಜಿಯ ಹಳ್ಳಿಗೆ ಹೊರದೇಶದವರು ಬಂದು ಕೊಳವೆಬಾವಿ ಕೊರೆದು ಪಂಪು ಕೂರಿಸಿದ್ದರಂತೆ. ಎರಡೇ ವರ್ಷಕ್ಕೆ ಪಂಪು ಕೆಟ್ಟಿತು, ಬಿಡಿಭಾಗ ಸಿಗಲಿಲ್ಲ. ಕೊಟ್ಟವರ ಹೆಸರಿನ ಕಲ್ಲು ಮಾತ್ರ ಇಂದಿಗೂ ಇದೆಯಂತೆ. "ನೀವು ಮೊದಲ ದಿನ ಹೇಳಿದಿರಲ್ಲ ಅಂಕಲ್, ನಾನು ಆ ಕಥೆಯ ಈಚೆಯ ಬದಿಯಲ್ಲಿ ಬೆಳೆದವಳು. ಅದಕ್ಕೇ ಬಂದದ್ದು. ನಾನು ಏನನ್ನೂ ಕಟ್ಟುವುದಿಲ್ಲ. ಇರುವುದನ್ನು ಇದ್ದ ಹಾಗೆ ತಿಳಿಸುತ್ತೇನೆ, ಅಷ್ಟೇ."

ಒಳ್ಳೆಯ ಮಾತು. ಮೊದಲ ದಿನವೇ ಹೇಳಬಹುದಿತ್ತು. ಬಹುಶಃ ನಾನು ಬಿಡಲಿಲ್ಲ.

ಮಾರ್ಚ್ 3, ಸೋಮವಾರ

ಮೂವತ್ತನೆಯ ಬಾವಿ. ಎಂಟು ಕಡೆ ಕೆಂಪು. ಕೆಂಪು ಬಿದ್ದ ಮನೆಯವರು ನನ್ನ ಜೊತೆ ಜಗಳವಾಡುತ್ತಾರೆ. ಅವಳಿಗೆ ಕೈಮುಗಿಯುತ್ತಾರೆ.

ಕಾಪುವಿನಿಂದ ಬರುವಾಗ ಬಸ್ಸಿನಲ್ಲಿ ಸಿಂಥಿಯಾ, "ಅವರು ಎರಡು ನಿಮಿಷ ಮಾತನಾಡುತ್ತಾರೆ, ನೀವು ಐದು ಸೆಕೆಂಡಿನಲ್ಲಿ ಮುಗಿಸುತ್ತೀರಿ. ಉಳಿದದ್ದು ಎಲ್ಲಿ ಹೋಗುತ್ತದೆ?" ಎಂದು ಕೇಳಿದಳು. ತುಳುವಿನಲ್ಲಿ ಸುತ್ತಿ ಬಳಸಿ ಹೇಳುವ ಕ್ರಮ ಉಂಟು, ಸಾರಾಂಶ ಸಾಕು ಎಂದೆ. ಮನೆಗೆ ಬಂದು ಸ್ವರ್ಣಲತಾಳ ಹತ್ತಿರ ಕನ್ನಡ ಪಾಠಕ್ಕೆ ಕುಳಿತಿದ್ದಾಳೆ. ಅಡುಗೆಮನೆಯಿಂದ ನಗು ಕೇಳುತ್ತಿದೆ. ಸಿಂಥಿಯಾಳ ಊರಿನ ಊಟ ಘಟ್ಟದ ಮೇಲಿನವರ ಮುದ್ದೆಯ ಹಾಗೆಯೇ ಉಂಟಂತೆ.

ಮಾರ್ಚ್ 12, ಬುಧವಾರ

ಮೊನ್ನೆ ಸ್ವರ್ಣಲತಾ, "ಊರಿನವರದ್ದೆಲ್ಲ ನೋಡ್ತೀರಿ, ನಮ್ಮದು ಯಾಕೆ ಬಾಕಿ?" ಎಂದದ್ದಕ್ಕೆ ನಮ್ಮ ಬಾವಿಯ ನೀರನ್ನೂ ತುಂಬಿಸಿಯಾಗಿತ್ತು. ಮೂವತ್ತೇಳನೆಯ ಬಾಟಲಿ.

ಅದು ಕಪ್ಪಾಗಿದೆ.

ಸಿಂಥಿಯಾ ಅದನ್ನು ಊಟದ ಮೇಜಿನ ಮೇಲಿಟ್ಟಳು. ನಾನು ಬಾಟಲಿಯ ಅವಧಿ ಮುಗಿದಿರಬಹುದು ಎಂದೆ. ಡಿಸೆಂಬರ್ ತನಕ ಇದೆ ಎಂದು ತೋರಿಸಿದಳು. ಕೈ ತೊಳೆಯದೆ ತುಂಬಿಸಿರಬಹುದು ಎಂದೆ. "ತುಂಬಿಸಿದ್ದು ನಾನೇ ಅಂಕಲ್" ಎಂದಳು. ಈ ಬಾವಿಯನ್ನು ನನ್ನ ಅಜ್ಜ ತೋಡಿಸಿದ್ದು, 1983ರ ಬೇಸಿಗೆಯಲ್ಲಿ ಊರಿಗೆಲ್ಲ ನೀರು ಕೊಟ್ಟದ್ದು, ನಾನು ಅರವತ್ತಾರು ವರ್ಷ ಇದನ್ನೇ ಕುಡಿದು ಗಟ್ಟಿಯಾಗಿರುವುದು, ಎಲ್ಲ ಹೇಳಿದೆ. ಅವಳು ಕಿಟಕಿಯಿಂದ ಹೊರಗೆ ನೋಡಿ, "ಆ ಸಿಮೆಂಟಿನ ಮುಚ್ಚಳ ಯಾವುದು?" ಎಂದು ಕೇಳಿದಳು.

ಮಹಡಿಯ ಬಚ್ಚಲಿನ ಪಾಯಿಖಾನೆ ಗುಂಡಿ. ನಾಲ್ಕು ವರ್ಷದ ಹಿಂದೆ ಕಟ್ಟಿಸಿದ್ದು, ಅಗೆದದ್ದು ಇದೇ ಈಶಪ್ಪ. ಬಾವಿಗೆ ಹತ್ತಿರವಾಯಿತು ಎಂದು ಅವನೂ ಹೇಳಿದ್ದ, ಸ್ವರ್ಣಲತಾಳೂ ಹೇಳಿದ್ದಳು. ಕೆಂಪುಕಲ್ಲಿನ ಪದರ ಸೋಸುತ್ತದೆ ಎಂದು ನಾನು ಎಲ್ಲೋ ಓದಿದ್ದನ್ನು ಅವರಿಗೆ ವಿವರಿಸಿದ್ದೆ. ಸಿಂಥಿಯಾ ಹೆಜ್ಜೆ ಹಾಕಿ ಅಳೆದಳು. ಇಪ್ಪತ್ತೆರಡು ಅಡಿ. ಐವತ್ತಾದರೂ ಇರಬೇಕಂತೆ.

ಒಂದು ಪರೀಕ್ಷೆಯಿಂದ ತೀರ್ಮಾನಕ್ಕೆ ಬರಬಾರದು. ನಾನು ಇನ್ನೊಂದು ಪರೀಕ್ಷೆ ಕೇಳಿದ್ದೇನೆ, ಬೇರೆ ಪ್ರಯೋಗಾಲಯದಲ್ಲಿ. ಅಲ್ಲಿಯವರೆಗೆ ಕೆಂಪು ಹಚ್ಚುವುದು ಬೇಡ ಎಂದೆ. "ಸರಿ. ಆದರೆ ಶೆಡ್ಡಿನವರಿಗೆ ಈಗಲೇ ಹೇಳಬೇಕು" ಎಂದಳು.

ಮಾರ್ಚ್ 13, ಗುರುವಾರ

ಬೆಳಿಗ್ಗೆ ರಾಚವ್ವ ಮತ್ತು ಸವಿತಾ ಬಂದಾಗ ಸಿಂಥಿಯಾ ಬಾವಿಕಟ್ಟೆಯ ಹತ್ತಿರ ನಿಂತು ಹೇಳಿದಳು. ಇಂಗ್ಲಿಷಿನಲ್ಲಿ, ನಿಧಾನವಾಗಿ, ಬಾವಿಯನ್ನೂ ಗುಂಡಿಯನ್ನೂ ಕೈ ಮಾಡಿ ತೋರಿಸುತ್ತಾ. ಈ ನೀರಿಗೆ ಕೊಳಕು ಸೇರಿರುವ ಹಾಗಿದೆ, ಪರೀಕ್ಷೆಯಲ್ಲಿ ಗೊತ್ತಾಗಿದೆ, ಕುಡಿಯಲು ಬೇರೆ ಕಡೆಯಿಂದ ತನ್ನಿ, ಇಲ್ಲದಿದ್ದರೆ ಚೆನ್ನಾಗಿ ಕುದಿಸದೆ ಕುಡಿಯಬೇಡಿ, ಮುಖ್ಯವಾಗಿ ಸವಿತಾ.

ನಾನು ಹೇಳಿದೆ: "ಬೇಸಿಗೆ ಶುರುವಾಯಿತು, ಎಲ್ಲರೂ ನೀರು ಕುದಿಸಿ ಕುಡಿಯುವುದು ಒಳ್ಳೆಯದು ಎನ್ನುತ್ತಿದ್ದಾಳೆ."

"ಹದಿನಾಲ್ಕು ಮಂದಿಗೆ ಎಲ್ಲಿ ಕುದಸೂದ್ರಿ ಸಾಹೇಬ್ರ? ಅಡಗಿ ಮಾಡಾಕ ಕಟಗಿ ಸಾಲೂದಿಲ್ಲ" ಎಂದು ರಾಚವ್ವ ನಕ್ಕು ಕೊಡ ಎತ್ತಿದಳು.

ಸುಳ್ಳು ಹೇಳಲಿಲ್ಲ. ಕುದಿಸಿ ಎಂದೇ ಹೇಳಿದ್ದೇನೆ. ಖಚಿತವಾಗದ ವಿಷಯ ಹೇಳಿ ಗಾಬರಿ ಎಬ್ಬಿಸುವುದು ತಪ್ಪು. ಬೇರೆ ಬಾವಿ ಬೇಕೆಂದರೆ ಗದ್ದೆಯಾಚೆ ಡೊಮಿನಿಕ್ ಅವರ ಮನೆ, ಅರ್ಧ ಮೈಲಿ. ಬಸುರಿ ಹೆಂಗಸು ಅಷ್ಟು ದೂರ ಹೊರಬೇಕೇ? ಅದನ್ನೂ ನೋಡಬೇಕು.

ಮಾರ್ಚ್ 16, ಆದಿತ್ಯವಾರ

ಬಾವಿಗೆ ಬ್ಲೀಚಿಂಗ್ ಪುಡಿ ಹಾಕಿದೆ. ವರ್ಷಕ್ಕೊಮ್ಮೆ ಹಾಕುವ ಕ್ರಮ ಇದ್ದೇ ಇದೆ. ಸಿಂಥಿಯಾ ಇವತ್ತು ಶ್ರವಣ್ ಜೊತೆ ಮಣಿಪಾಲಕ್ಕೆ ಹೋಗಿದ್ದಳು.

ಮಾರ್ಚ್ 17, ಸೋಮವಾರ

ಬೆಳಿಗ್ಗೆ ನಾನೇ ನೀರು ತುಂಬಿ, ಕಾರ್ಕಳದಲ್ಲಿ ಪ್ರಯೋಗಾಲಯ ಇಟ್ಟುಕೊಂಡಿರುವ ಸ್ಟೀವನನಿಗೆ ಕೊಟ್ಟು ಬಂದೆ. ಅವನ ತಂದೆ ನನ್ನ ಜೊತೆ ಕೋರ್ಟಿನಲ್ಲಿದ್ದವರು. ಎರಡು ಬಸ್ಸು, ವಿಪರೀತ ಸೆಕೆ. ರಾಚವ್ವ ನೀರು ನಾರುತ್ತದೆ ಎಂದು ಬೆಳಿಗ್ಗೆ ಹೇಳಿದ್ದಳು. ಎರಡು ದಿನದಲ್ಲಿ ಹೋಗುತ್ತದೆ ಎಂದೆ.

ಮಾರ್ಚ್ 20, ಗುರುವಾರ

ಸ್ಟೀವನ್ ಫೋನ್ ಮಾಡಿದ. ನೀರು ಶುದ್ಧ!

ಹೇಳಿದಾಗ ಸಿಂಥಿಯಾಳ ಮುಖದಲ್ಲಿ ನಾನು ನಿರೀಕ್ಷಿಸಿದ ಸಂತೋಷ ಕಾಣಲಿಲ್ಲ. ಐಸಿನಲ್ಲಿಟ್ಟು ಒಯ್ದಿರಾ ಎಂದು ಕೇಳಿದಳು. ಆಮೇಲೆ, ಅಷ್ಟೇ ಮೆಲ್ಲಗೆ, "ಆ ವಾರ ಬಾವಿಗೆ ಏನಾದರೂ ಹಾಕಿದ್ದಿರಾ?" ಎಂದಳು. ವರ್ಷಾವಧಿಯದು ಎಂದೆ. ಅವಳು ತಲೆ ತಗ್ಗಿಸಿದಳು. "ನಾನು ಈ ಮನೆಯ ಅನ್ನ ಉಣ್ಣುತ್ತಿದ್ದೇನೆ. ಬೇರೆ ಮನೆಯಾಗಿದ್ದರೆ ಅವತ್ತೇ ಕೆಂಪು ಹಚ್ಚುತ್ತಿದ್ದೆ" ಎಂದು ಹೇಳಿ ಮಹಡಿಗೆ ಹೋದಳು.

ಪಟ್ಟಣದ ಕೊಳಚೆ ಹೊಳೆಗೆ ಬಿಡುವ ಬಗ್ಗೆ ಇವತ್ತು ಪತ್ರ ಬರೆಯಬೇಕೆಂದಿದ್ದೆ. ಮೂರು ಸಾಲಾಯಿತು, ಮುಂದೆ ಹೋಗಲಿಲ್ಲ.

ಮಾರ್ಚ್ 24, ಸೋಮವಾರ

ಸವಿತಾಳಿಗೆ ಜ್ವರ, ವಾಂತಿ. "ಏನಿರಬೌದ್ರಿ ಸಾಹೇಬ್ರ?" ಎಂದು ರಾಚವ್ವ ಕೇಳಿದಳು. ಬಿಸಿಲು ಜಾಸ್ತಿ ಎಂದೆ. ಮಜ್ಜಿಗೆ ಕೊಡಲು ಹೇಳಿದೆ. ಬಿಸಿಲೂ ಜಾಸ್ತಿಯೇ ಇದೆ.

ಮಾರ್ಚ್ 29, ಶನಿವಾರ

ಸವಿತಾಳ ಕಣ್ಣು ಹಳದಿ.

ಮಾರ್ಚ್ 31, ಸೋಮವಾರ

ನಿನ್ನೆ ಉಡುಪಿಯ ಆಸ್ಪತ್ರೆಗೆ ಸೇರಿಸಿದರು. ಕಾಮಾಲೆ. ಆರು ತಿಂಗಳ ಬಸುರಿಗೆ ಈ ಕಾಯಿಲೆ ಬಂದರೆ ತಾಯಿಗೂ ಮಗುವಿಗೂ ಅಪಾಯ, ಒಂದು ವಾರ ಏನೂ ಹೇಳಲಾಗುವುದಿಲ್ಲ ಎಂದಿದ್ದಾರೆ. ಆಟೋದಲ್ಲಿ ಕರಿಬಸವ ಅವಳನ್ನು ಮಗುವಿನಂತೆ ತೊಡೆಯ ಮೇಲೆ ಮಲಗಿಸಿಕೊಂಡು ಹೋದನಂತೆ. ನಾನು ನೋಡಲಿಲ್ಲ, ಸ್ವರ್ಣಲತಾ ಹೇಳಿದ್ದು.

ಸಂಜೆ ಸಿಂಥಿಯಾ ಜಗಲಿಗೆ ಬಂದು ನನ್ನೆದುರು ಕುಳಿತಳು. "ಅಂಕಲ್, ಹದಿಮೂರನೇ ತಾರೀಕು ನಾನು ಹೇಳಿದ್ದನ್ನು ನೀವು ಅವರಿಗೆ ಏನೆಂದು ಹೇಳಿದಿರಿ?"

"ಕುದಿಸಿ ಕುಡಿಯಿರಿ ಎಂದು."

"ಯಾಕೆ ಎಂದು ಹೇಳಿದಿರಾ?"

ಸ್ವರ್ಣಲತಾ ಬಾಗಿಲಲ್ಲಿ ನಿಂತಿದ್ದಳು. ಅವಳಿಗೆ ಇಂಗ್ಲಿಷ್ ಅಷ್ಟು ಬರುವುದಿಲ್ಲ, ಆದರೆ ಪ್ರಶ್ನೆ ಅರ್ಥವಾಗಿತ್ತು. ನಾನು ಇಲ್ಲ ಎಂದೆ. ಬೇಸಿಗೆಯ ಮಾತನ್ನೂ ಹೇಳಿದೆ. ಕೋರ್ಟಿನಲ್ಲಿ ಸಾಕ್ಷಿಗಳು ಹೀಗೆ ನೆಲ ನೋಡಿಕೊಂಡು ಮಾತನಾಡಿದಾಗ 'ಗಟ್ಟಿಯಾಗಿ ಹೇಳಿ' ಎಂದು ನಾನೇ ಅನ್ನುತ್ತಿದ್ದೆ.

ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ಏನಾದರೂ ಅನ್ನುತ್ತಿದ್ದೆ. "ಇರುವುದನ್ನು ಇದ್ದ ಹಾಗೆ ತಿಳಿಸಲು ಬಂದವಳು ನಾನು. ನನ್ನ ಪಟ್ಟಿಯಲ್ಲಿ ಮೂವತ್ತೇಳರ ಎದುರು ಇನ್ನೂ ಖಾಲಿ ಬಿಟ್ಟಿದ್ದೇನೆ" ಎಂದಳು. ಅವಳ ಕಣ್ಣಲ್ಲಿ ನೀರಿತ್ತು. "ನಾಳೆ ಆಸ್ಪತ್ರೆಗೆ ಹೋಗೋಣ. ನೀವು ಹೇಳಿ. ನಾನು ಪಕ್ಕದಲ್ಲಿ ನಿಂತಿರುತ್ತೇನೆ."

ಅವಳು ಹೋದ ಮೇಲೆ ಸ್ವರ್ಣಲತಾಳಿಗೆ, "ರೋಗ ತಗಲಿದ್ದು ಒಂದು ತಿಂಗಳ ಹಿಂದೆಯೇ ಇರಬೇಕಂತೆ, ಡಾಕ್ಟರು ಹೇಳಿದ್ದಾರಂತೆ. ಹಾಗಾದರೆ ಹದಿಮೂರಕ್ಕೆ ನಾನು ಏನು ಹೇಳಿದ್ದರೂ ವ್ಯತ್ಯಾಸ ಇರಲಿಲ್ಲ" ಎಂದೆ.

"ಜ್ವರ ಬಂದ ದಿನ ಕೇಳಿದಾಗ ಬಿಸಿಲು ಅಂದಿರಲ್ಲ, ಅದಕ್ಕೆ ಯಾವ ಡಾಕ್ಟರು ಎಂತ ಹೇಳಿದ್ದಾರೆ?" ಎಂದಳು. "ಆರು ದಿನ ಆ ಹುಡುಗಿ ಮಜ್ಜಿಗೆ ಕುಡಿದು ಮಲಗಿದ್ದಾಳೆ ಮಾರಾಯ್ರೇ."

ಏಪ್ರಿಲ್ 1, ಮಂಗಳವಾರ

ಆಸ್ಪತ್ರೆಯ ವರಾಂಡದಲ್ಲಿ ರಾಚವ್ವ ಗೋಡೆಗೊರಗಿ ಕುಳಿತಿದ್ದಳು. ಈಶಪ್ಪ ಕಿಟಕಿಯ ಹತ್ತಿರ ನಿಂತಿದ್ದ. ಸಿಂಥಿಯಾ ರಾಚವ್ವನ ಪಕ್ಕ ನೆಲದ ಮೇಲೆ ಕುಳಿತಳು. ನಾನು ನಿಂತೇ ಹೇಳಿದೆ, ಹದಿಮೂರನೆಯ ತಾರೀಕು ಸಿಂಥಿಯಾ ಹೇಳಿದ್ದನ್ನು ಮಾತಿಗೆ ಮಾತು. ಬಾವಿ, ಗುಂಡಿ, ಮಲ, ಬೇರೆ ಕಡೆಯಿಂದ ತನ್ನಿ, ಮುಖ್ಯವಾಗಿ ಸವಿತಾ. ಆಮೇಲೆ ನಾನು ಏನು ಹೇಳಿದ್ದೆ ಎಂಬುದನ್ನೂ, ಬ್ಲೀಚಿಂಗ್ ಹಾಕಿ ಕಾರ್ಕಳಕ್ಕೆ ಒಯ್ದದ್ದನ್ನೂ ಹೇಳಿದೆ.

ನರ್ಸು ಬಂದು ಹೋದಳು.

"ಅವತ್ತ ಈಕಿ ಬಾವಿ ಕಡೆ ಕೈ ಮಾಡಿದ್ಲು, ಗುಂಡಿ ಕಡೆ ಕೈ ಮಾಡಿದ್ಲು" ಎಂದಳು ರಾಚವ್ವ. "ಸವಿತಾ ಅಂದ್ಲು, ಅತ್ತಿ, ಆಕಿ ಕೈ ಒಂದ ಹೇಳಾಕತ್ತೈತಿ, ಸಾಹೇಬ್ರು ಒಂದ ಹೇಳಾಕತ್ತಾರ ಅಂತ. ನಾನ ಬೈದೆ. ಸಾಹೇಬ್ರು ಕೋರ್ಟಿನ್ಯಾಗ ಇದ್ದಾವ್ರು, ಹೆಚ್ಚಕಮ್ಮಿ ಹೇಳಾವ್ರಲ್ಲ ಅಂದೆ."

ಸಿಂಥಿಯಾ ನನ್ನ ಕಡೆ ನೋಡಿದಳು. ಅದನ್ನು ಇಂಗ್ಲಿಷಿಗೆ ಮಾಡಿ ಹೇಳಿದೆ. ಒಂದು ಶಬ್ದ ಬಿಡದೆ.

ಈಶಪ್ಪ ತಿರುಗಿಯೂ ನೋಡಲಿಲ್ಲ.

ಏಪ್ರಿಲ್ 2, ಬುಧವಾರ

ಬಾವಿಕಟ್ಟೆಗೆ ಕೆಂಪು ಹಚ್ಚಿದೆವು. ಕುಂಚ ನಾನೇ ಕೇಳಿ ತೆಗೆದುಕೊಂಡೆ. ಸಿಂಥಿಯಾಳ ಪಟ್ಟಿಯಲ್ಲಿ ಮಾಲೀಕರ ಹೆಸರಿನ ಬದಲು ಸಂಖ್ಯೆ ಮಾತ್ರ ಇರುತ್ತದೆ. ನನ್ನದಕ್ಕೆ ಹೆಸರು ಹಾಕು ಎಂದೆ. "ಅದು ನಿಯಮಕ್ಕೆ ವಿರುದ್ಧ ಅಂಕಲ್. ನಿಮಗಾಗಿ ಇನ್ನೊಮ್ಮೆ ನಿಯಮ ಮುರಿಯುವುದಿಲ್ಲ" ಎಂದಳು.

ಶೆಡ್ಡಿನವರು ಇವತ್ತಿನಿಂದ ಡೊಮಿನಿಕ್ ಅವರ ಬಾವಿಗೆ ಹೋಗುತ್ತಿದ್ದಾರೆ. ನಮ್ಮ ಗೇಟಿನ ಮುಂದೆಯೇ ದಾರಿ.

ಏಪ್ರಿಲ್ 8, ಮಂಗಳವಾರ

ಸವಿತಾ ಎದ್ದು ಕುಳಿತಿದ್ದಾಳೆ. ಗಂಜಿ ಇಳಿಯುತ್ತಿದೆ. ಮಗುವಿನ ಎದೆಬಡಿತ ಚೆನ್ನಾಗಿದೆಯಂತೆ. ಸ್ವರ್ಣಲತಾ ದಿನಾ ಊಟ ಒಯ್ಯುತ್ತಿದ್ದಾಳೆ. ನಾನು ಆಸ್ಪತ್ರೆಯ ಗೇಟಿನ ತನಕ ಹೋಗಿ, ಡಬ್ಬಿ ಅವಳ ಕೈಗೆ ಕೊಟ್ಟು ಹೊರಗೆ ನಿಲ್ಲುತ್ತೇನೆ.

ಕಾಯಿಲೆ ನಿಮ್ಮ ಬಾವಿಯದೇ ಇರಬಹುದು, ಕೆಲಸದ ಜಾಗದ ಟ್ಯಾಂಕಿನದೂ ಇರಬಹುದು, ಹೇಳುವುದು ಕಷ್ಟ ಎಂದು ಗೇಟಿನಲ್ಲಿ ಸಿಕ್ಕ ಡಾಕ್ಟರು ಹೇಳಿದರು. ಆ 'ಇರಬಹುದು' ಎಂಬ ಮಾತನ್ನು ಬಸ್ಸಿನಲ್ಲಿ ಮನೆಯವರೆಗೂ ಹಿಡಿದುಕೊಂಡು ಬಂದೆ. ಮನೆಗೆ ಬಂದು ಗುಂಡಿ ನೋಡಿದಾಗ ಅದು ಇಪ್ಪತ್ತೆರಡು ಅಡಿಯಲ್ಲೇ ಇತ್ತು.

ಏಪ್ರಿಲ್ 14, ಸೋಮವಾರ

ಕೆಲಸದ ಜಾಗಕ್ಕೇ ಈಶಪ್ಪನನ್ನು ಹುಡುಕಿಕೊಂಡು ಹೋಗಿ, ಹೊಸ ಗುಂಡಿ ತೋಡಿ ಕೊಡುತ್ತೀಯಾ ಎಂದು ಕೇಳಿದೆ. ಬೈಯುತ್ತಾನೆ ಎಂದುಕೊಂಡಿದ್ದೆ. ಬೀಡಿ ಆರಿಸಿ, "ತೋಡ್ತೀನ್ರಿ. ಈ ಸಲ ಜಾಗ ನಾ ತೋರಸ್ತೀನಿ" ಎಂದ. ಬಂದು, ಹಿತ್ತಿಲಿನ ಕೆಳತುದಿಯಲ್ಲಿ ಕೋಲು ನೆಟ್ಟು ಹೋದ. ಅಲ್ಲಿ ನನ್ನ ಕಸಿ ಮಾವಿನ ಗಿಡ ಇತ್ತು. ಸಂಜೆ ನಾನೇ ಅದನ್ನು ಕಿತ್ತೆ.

ಏಪ್ರಿಲ್ 18, ಶುಕ್ರವಾರ

ನಾಳೆ ಸಿಂಥಿಯಾ ಹೊರಡುತ್ತಾಳೆ. ಅರವತ್ತೆರಡು ಬಾವಿ, ಹದಿನೇಳು ಕೆಂಪು. ಆ ಹದಿನೇಳರಲ್ಲಿ ಆರು ಮನೆಯವರು ಗುಂಡಿ ಬದಲಿಸಲು ಒಪ್ಪಿದ್ದಾರೆ. ಕಳೆದ ಹತ್ತು ದಿನ ಕೆಂಪು ಬಿದ್ದ ಮನೆಗಳಿಗೆಲ್ಲ ಎರಡನೆಯ ಸಲ ಹೋಗಿದ್ದೆವು. ಹೋದಲ್ಲೆಲ್ಲ ನನ್ನ ಬಾವಿಯ ವಿಷಯ ಮೊದಲು ಹೇಳಿದೆ. ಒಬ್ಬರು, "ಪೇಪರಿಗೆ ಬರೆಯುವವರ ಬಾವಿಯಲ್ಲೂ ಉಂಟಾ?" ಎಂದು ಕೇಳಿ ಹೊಟ್ಟೆ ಹಿಡಿದು ನಕ್ಕರು. ನಕ್ಕ ಮೇಲೆ ಒಪ್ಪಿದರು.

"ನನ್ನಿಂದ ಏನಾದರೂ ಒಳ್ಳೆಯದಾಯಿತೇ ಎಂದು ಮೇಲ್ವಿಚಾರಕರು ಕೇಳುತ್ತಾರೆ. ಅರವತ್ತೆರಡು ಎಂದು ಬರೆಯಬೇಕು, ಆ ಕಾಗದದಲ್ಲಿ ಅಷ್ಟೇ ಜಾಗ ಇರುವುದು" ಎಂದಳು. "ಸವಿತಾ ಆಸ್ಪತ್ರೆಯಲ್ಲಿದ್ದದ್ದನ್ನು ಎಲ್ಲಿ ಬರೆಯಲಿ?"

ಹಿಂಬದಿಯಲ್ಲಿ ಬರೆ ಎಂದೆ. ಇ-ಮೇಲಿಗೆ ಹಿಂಬದಿ ಇಲ್ಲವಂತೆ.

ಸಂಜೆ ಶೆಡ್ಡಿಗೆ ಹೋಗಿ ಎಲ್ಲರಿಗೂ ಹೇಳಿ ಬಂದಳು. ಕರೆದುಕೊಂಡು ಹೋದದ್ದು ಸ್ವರ್ಣಲತಾ. ಸಿಂಥಿಯಾಳಿಗೆ ದುಭಾಷಿ ಬೇಕಾಗಲಿಲ್ಲ. ರಾಚವ್ವ ಕಸೂತಿ ಹಾಕಿದ ಒಂದು ಕುಪ್ಪಸದ ಕಣ ಕೊಟ್ಟಿದ್ದಾಳೆ.

ಏಪ್ರಿಲ್ 29, ಮಂಗಳವಾರ

ಗುಂಡಿ ಮುಗಿಯಿತು. ಹಳೆಯದನ್ನು ಬರಿದು ಮಾಡಿ ಮುಚ್ಚಿಸಿದೆ. ಬಾವಿಯ ನೀರನ್ನೆಲ್ಲ ಎರಡು ಸಲ ಹೊರಹಾಕಿ ತೊಳೆಸಿಯಾಯಿತು. ಶ್ರವಣ್ ಬಂದು ಎರಡು ಬಾರಿ ನೀರು ಒಯ್ದ. ನಾನು ಬಾಟಲಿ ಮುಟ್ಟಲಿಲ್ಲ.

ಮನೆ ನಿಶ್ಶಬ್ದ. ಪತ್ರಿಕೆಗೆ ಬರೆಯದೆ ಆರು ವಾರ ಆಯಿತೆಂದು ಇವತ್ತು ಸ್ವರ್ಣಲತಾ ಹೇಳಿದ ಮೇಲೆ ಗೊತ್ತಾಯಿತು.

ಮೇ 6, ಮಂಗಳವಾರ

ಎರಡೂ ಪರೀಕ್ಷೆಯ ಫಲಿತಾಂಶ ಬಂತು. ನೀರು ಶುದ್ಧವಾಗಿದೆ. ಕಾಗದ ಹಿಡಿದು ಸಂಜೆ ಶೆಡ್ಡಿಗೆ ಹೋದೆ. ಈ ಬಿಸಿಲಿಗೆ ಅವರು ದಿನಕ್ಕೆ ಮೂರು ಸಲ ಗದ್ದೆ ದಾಟಿ ನೀರು ಹೊರುತ್ತಿದ್ದಾರೆ. ಸವಿತಾಳಿಗೆ ಈಗ ಎಂಟನೆಯ ತಿಂಗಳು, ಅವಳೂ ಒಂದು ಸಣ್ಣ ಕೊಡ ಹೊರುವುದನ್ನು ಮೊನ್ನೆ ನೋಡಿದ್ದೆ.

ಇಷ್ಟು ವರ್ಷದಲ್ಲಿ ನಾನು ಅವರ ಬಾಗಿಲಿಗೆ ಹೋದದ್ದು ಇದೇ ಮೊದಲು. ರಾಚವ್ವ ಚಾಪೆ ಹಾಸಿದಳು. ಸವಿತಾ ಗೋಡೆಗೆ ಬೆನ್ನು ಕೊಟ್ಟು ಕಾಲು ಚಾಚಿ ಕುಳಿತಿದ್ದಳು, ಸೊರಗಿದ್ದಾಳೆ, ಕಣ್ಣು ಬೆಳ್ಳಗಾಗಿದೆ. "ನಮ್ಮ ಬಾವಿಯ ನೀರು ಈಗ ಒಳ್ಳೆಯದಿದೆ, ನಾಳೆಯಿಂದ ಅಲ್ಲಿಗೇ ಬರಬಹುದು" ಎಂದೆ.

ರಾಚವ್ವ ಸೊಸೆಯ ಮುಖ ನೋಡಿದಳು.

"ಚೀಟಿ ಕೊಡ್ರಿ" ಎಂದಳು ಸವಿತಾ.

"ಇಂಗ್ಲಿಷಿನಲ್ಲಿದೆ. ನಾನು ಓದಿ..."

"ನೀವು ಓದಬ್ಯಾಡ್ರಿ. ನಾ ಓದ್ತೀನಿ."

ಅವಳು ಪಿಯುಸಿ ತನಕ ಓದಿದ್ದಾಳೆಂದು ನನಗೆ ಗೊತ್ತೇ ಇರಲಿಲ್ಲ. ಕಾಗದವನ್ನು ಬಾಗಿಲ ಬೆಳಕಿಗೆ ಹಿಡಿದು, ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿದಳು. "ಆಬ್ಸೆಂಟ್" ಎಂದು ಗಟ್ಟಿಯಾಗಿ ಓದಿ, "ಆಬ್ಸೆಂಟ್ ಅಂದ್ರ ಇಲ್ಲ ಅಂತ, ಅತ್ತಿ. ಸಾಲ್ಯಾಗ ಹಾಜರಿ ಕರಿಯೂ ಮುಂದ ಬರಕೋತಿದ್ರಲ್ಲ, ಅದ" ಎಂದಳು. ಎರಡನೆಯ ಹಾಳೆಯನ್ನೂ ಓದಿದಳು. ಕೊನೆಯ ಸಾಲಿನಲ್ಲಿ ಒಂದು ಕಡೆ ಬೆರಳು ನಿಂತಿತು.

"ಇದೇನ್ರಿ? ಪೊಟೇಬಲ್?"

"ಕುಡಿಯಲು ಯೋಗ್ಯ" ಎಂದೆ.

ಅವಳು ಗಂಡನ ಕಡೆ ಕೈ ಚಾಚಿದಳು. ಕರಿಬಸವ ಜೇಬಿನಿಂದ ಫೋನು ತೆಗೆದು ಕೊಟ್ಟ. ಕಾಗದ ನೋಡಿ ನೋಡಿ ಆ ಶಬ್ದವನ್ನು ಅದರಲ್ಲಿ ಒತ್ತಿದಳು. ಕಾದಳು. ಮೂವತ್ತೊಂದು ವರ್ಷದಲ್ಲಿ ನನ್ನ ಭಾಷಾಂತರವನ್ನು ಹೀಗೆ ನನ್ನೆದುರೇ ಯಾರೂ ಪರಿಶೀಲಿಸಿರಲಿಲ್ಲ. ನಾನು ಚಾಪೆಯ ಮೇಲೆ ಕುಳಿತು ಅವಳ ಮುಖವನ್ನೇ ನೋಡುತ್ತಿದ್ದೆ. ತೀರ್ಪಿಗೆ ಕಾಯುವವರ ಬಾಯಿ ಯಾಕೆ ಒಣಗುತ್ತದೆ ಎಂದು ಇವತ್ತು ತಿಳಿಯಿತು.

ಸವಿತಾ ಫೋನನ್ನು ಗಂಡನಿಗೆ ವಾಪಸು ಕೊಟ್ಟಳು. ನನ್ನ ಕಡೆ ನೋಡಲಿಲ್ಲ, ಅತ್ತೆಯ ಕಡೆ ತಿರುಗಿದಳು.

"ಸರಿ ಹೇಳ್ಯಾರ" ಎಂದಳು.

ರಾಚವ್ವ ಎದ್ದು, ಮೂಲೆಯಲ್ಲಿದ್ದ ಕೊಡವನ್ನು ಅಲುಗಿಸಿ ನೋಡಿದಳು. "ನಾಳಿ ಒಂದ ಕೊಡ ತರೂಣು" ಎಂದಳು. "ಕುದಿಸೇ ಕುಡಿಯೂಣು."